ಬುತ್ತೆವ್ವನ ಹೊಂಡ

ದುರ್ಗದ ಕೋಟೆಯಲ್ಲಿ ದೆವ್ವಗಳಿಗೇನೂ ಬರವಿಲ್ಲ. ಬತೇರಿಗೊಬ್ಬ ರುಂಡವಿಲ್ಲದ ಸಿಪಾಯಿ ಇದ್ದಾನೆ, ಬಾಗಿಲಿಗೊಬ್ಬ ಅಳುವ ಹೆಂಗಸಿದ್ದಾಳೆ. ಗೈಡುಗಳು ಇವರನ್ನೆಲ್ಲ ಅಕ್ಕರೆಯಿಂದಲೇ ಸಾಕಿಕೊಂಡಿದ್ದಾರೆ. ಬಂದ ಬಸ್ಸು ದೊಡ್ಡದಿದ್ದರೆ ಹೊರಬರುವ ದೆವ್ವಗಳೂ ಒಂದೆರಡು ಹೆಚ್ಚು. ಕೋಟೆಯೊಳಗೆ ಕಸ ಗುಡಿಸಿ, ಕಲ್ಲುಸಂದಿಯ ಹುಲ್ಲು ಕಿತ್ತು ಹೊಟ್ಟೆ ಹೊರೆಯುವ ದ್ಯಾಮಮ್ಮನಿಗೆ ಈ ಕತೆಗಳೆಲ್ಲ ಬಾಯಿಪಾಠವಾಗಿದ್ದವು. ಮಂಗಗಳ ಕಿರುಚಾಟವನ್ನು ಹೇಗೆ ಕೇಳಿಯೂ ಕೇಳದವಳಂತೆ ಇರುತ್ತಿದ್ದಳೋ ಹಾಗೆಯೇ ಅವನ್ನೂ ಕಿವಿಯಿಂದಾಚೆ ಬಿಡುತ್ತಿದ್ದಳು. ಒಂದೇ ಒಂದು ಕತೆಗೆ ಮಾತ್ರ ಅವಳ ಪೊರಕೆ ನಿಲ್ಲುತ್ತಿತ್ತು.

ಆ ಕತೆಯನ್ನು ಈಗ ಹೇಳುತ್ತಿದ್ದವನು ಹೊಳಲ್ಕೆರೆ ಕಡೆಯ ಹನುಮೇಶ್. ಒಳ್ಳೆಯ ಗಂಟಲು, ಒಳ್ಳೆಯ ಮನಸ್ಸು, ಸುಳ್ಳು ಹೇಳುತ್ತಿದ್ದೇನೆಂಬ ಅನುಮಾನವೇ ಇಲ್ಲದ ಮುಖ. ಮೇಲಿನ ಕೋಟೆಯ ದಾರಿ ಬಿಟ್ಟು ಸೀತಾಫಲದ ಗಿಡಗಳ ನಡುವೆ ಇಳಿದರೆ ಸಿಗುವ ಸಣ್ಣ ಹೊಂಡದ ದಂಡೆಯಲ್ಲಿ ಜನರನ್ನು ನಿಲ್ಲಿಸಿ ಅವನು ಶುರು ಮಾಡುತ್ತಿದ್ದ.

“ಇದು ಬುತ್ತೆವ್ವನ ಹೊಂಡ. ನಾಯಕರ ಕಾಲದಾಗೆ ಆ ಮ್ಯಾಲಿನ ಬತೇರಿಯಾಗೆ ಒಬ್ಬ ಕಾವಲುಗಾರ ಇದ್ದ. ಅವಂಗೆ ಒಬ್ಬಳೇ ಮಗಳು. ದಿನಾ ಮಧ್ಯಾಹ್ನ ಅಪ್ಪಂಗೆ ಬುತ್ತಿ ತಗಂಡು ಬರೋಳು. ಕೋಟೆಗೆ ಮುತ್ತಿಗೆ ಬಿತ್ತು, ಒಳಗೆ ಕಾಳು ತೀರಿತು. ಆದ್ರೂ ಆ ಹುಡುಗಿ ತಾನು ಉಪಾಸ ಇದ್ದು ಅಪ್ಪಂಗೆ ರೊಟ್ಟಿ ಕಟ್ಕಂಡು ಬಂದ್ಳು. ನೀರು ಮೊಗಿಯಾಕೆ ಇಲ್ಲಿ ಬಗ್ಗಿದ್ಳು, ಕಾಲು ಜಾರಿತು. ಕಾವಲು ಬಿಟ್ಟು ಇಳಿಯಂಗಿಲ್ಲ, ಅಪ್ಪ ಮ್ಯಾಲೆ ನಿಂತು ನೋಡಿದ. ಈಗ್ಲೂ ಮಟಮಟ ಮಧ್ಯಾಹ್ನ ಇಲ್ಲಿ ಒಬ್ರೇ ಕುಂತ್ರೆ, ಹಿಂದಿನಿಂದ ‘ಉಂಡ್ಯಾ’ ಅಂತ ಕೇಳ್ತಾಳೆ ನೋಡ್ರಿ.”

ಜನ ಹಿಂದೆ ತಿರುಗಿ ನೋಡುತ್ತಿದ್ದರು. ಅಲ್ಲಿ ದ್ಯಾಮಮ್ಮ ಪೊರಕೆ ಹಿಡಿದು ನಿಂತಿರುತ್ತಿದ್ದಳು.

ಕಾವಲುಗಾರನೂ ಇರಲಿಲ್ಲ, ಮುತ್ತಿಗೆಯೂ ಇರಲಿಲ್ಲವೆಂದು ಅಲ್ಲಿದ್ದವರಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಇದ್ದವಳು ಅವಳ ಮಗಳು ಮೋನಿಕಾ. ಹೈಸ್ಕೂಲಿಗೆ ಆಗಷ್ಟೇ ಸೇರಿದ್ದ ಹುಡುಗಿ. ರಜೆಯಿದ್ದಾಗಲೆಲ್ಲ ಅವ್ವನಿಗೆ ಬಿಸಿ ರೊಟ್ಟಿ ಕಟ್ಟಿಕೊಂಡು ಕೋಟೆ ಹತ್ತಿ ಬರುತ್ತಿದ್ದಳು. ಹಿಂದಿನಿಂದ ಸದ್ದಿಲ್ಲದೆ ಬಂದು “ಉಂಡ್ಯಾ ಅವ್ವ” ಎಂದು ಬೆಚ್ಚಿಬೀಳಿಸುವುದು ಅವಳ ಆಟ. ಒಂದು ಮಧ್ಯಾಹ್ನ ತಾಯಿಯ ಹತ್ತಿರ ಬರುವ ಮೊದಲು ಕೈ ತೊಳೆಯಲು ಹೊಂಡಕ್ಕಿಳಿದಳು. ಮೆಟ್ಟಿಲ ಮೇಲೆ ಪಾಚಿ ಇತ್ತು. ದಂಡೆಯ ಮೇಲೆ ಚಪ್ಪಲಿಯೂ ರೊಟ್ಟಿಯ ಗಂಟೂ ಉಳಿದವು.

ನೀರಿಗೆ ಧುಮುಕಿ ಅವಳನ್ನು ಎತ್ತಿದವನು ಆಗಿನ ಗೈಡು ದುರುಗಣ್ಣ. ಆಮೇಲೆ ದಂಡೆಯಲ್ಲಿ ದ್ಯಾಮಮ್ಮ ಇಟ್ಟಿದ್ದ ಅರಿಸಿನ ಕುಂಕುಮ ಕಂಡು ಪ್ರವಾಸಿಗಳು ಏನಿದು ಎಂದು ಕೇಳತೊಡಗಿದಾಗ, ತಾಯಿ ನಾಲ್ಕು ಮಾರು ದೂರದಲ್ಲಿ ಹುಲ್ಲು ಕೀಳುತ್ತಿರುವಾಗ, ಮೊನ್ನೆ ಸತ್ತ ಹುಡುಗಿಯ ಸುದ್ದಿಯನ್ನು ಟಿಕೆಟ್ಟು ಕೊಂಡು ಬಂದವರ ಮುಂದೆ ಹರಡಲು ಅವನಿಗೆ ಬಾಯಿ ಬರಲಿಲ್ಲ. “ಹಳೇ ಕಾಲದ್ದು ಸ್ವಾಮಿ” ಎಂದುಬಿಟ್ಟ. ಹಳೆಯದಾದ ಮೇಲೆ ಅದಕ್ಕೊಂದು ಕಾಲ ಬೇಕಾಯಿತು, ಕಾಲ ಬಂದ ಮೇಲೆ ನಾಯಕರು ಬಂದರು, ನಾಯಕರ ಹಿಂದೆ ಮುತ್ತಿಗೆ ಬಂತು. ದುರುಗಣ್ಣ ತೀರಿಕೊಂಡ. ಕತೆಯನ್ನು ಅವನಿಂದ ಕಲಿತ ಹನುಮೇಶ್ ಅದನ್ನು ಇತಿಹಾಸವೆಂದೇ ನಂಬಿದ್ದ.

ಅಷ್ಟಕ್ಕೇ ನಿಂತಿದ್ದರೆ ದ್ಯಾಮಮ್ಮ ಸುಮ್ಮನಿರುತ್ತಿದ್ದಳೋ ಏನೋ. ಐಮಂಗಲದ ಒಬ್ಬಾಕೆ ಊಟ ಬಿಟ್ಟಿದ್ದ ಮಗುವನ್ನು ಎತ್ತಿಕೊಂಡು ಕೋಟೆ ನೋಡಲು ಬಂದವಳು, ಕತೆ ಕೇಳಿ ಕಣ್ಣೊರೆಸಿಕೊಂಡು ತನ್ನ ಬುತ್ತಿಯಲ್ಲಿದ್ದ ಎರಡು ರೊಟ್ಟಿಯನ್ನು ದಂಡೆಯ ಮೇಲಿಟ್ಟು ಕೈ ಮುಗಿದಳು. ಒಂದನ್ನು ಅಲ್ಲೇ ಬಿಟ್ಟು ಇನ್ನೊಂದನ್ನು ಮುರಿದು ಮಗುವಿನ ಬಾಯಿಗಿಟ್ಟಳು. ಮಗು ತಿಂದಿತು. ಅದಕ್ಕೆ ಹಸಿವಾಗಿತ್ತೋ, ಬಿಸಿಲಿನ ಆಯಾಸವೋ, ಯಾರಿಗೆ ಗೊತ್ತು. ಸುದ್ದಿ ಮಾತ್ರ ಬಸ್ಸು ಹತ್ತಿ ಹಿರಿಯೂರು, ಹೊಸದುರ್ಗಕ್ಕೆಲ್ಲ ಹೋಯಿತು. ಉಣ್ಣದ ಮಕ್ಕಳಿಗೆ ಬುತ್ತೆವ್ವ ಉಣ್ಣಿಸುತ್ತಾಳೆ ಎಂದು ಜನ ಬರತೊಡಗಿದರು. ಎರಡು ರೊಟ್ಟಿ ಇಡುವುದು, ಒಂದು ಅವಳಿಗೆ ಬಿಟ್ಟು ಒಂದನ್ನು ಮಗುವಿಗೆ ಒಯ್ಯುವುದು ಪದ್ಧತಿಯಾಯಿತು.

ಬಿಟ್ಟುಹೋದ ರೊಟ್ಟಿಗಳನ್ನು ಸಂಜೆ ಎತ್ತಿ ಹಾಕುವ ಕೆಲಸ ದ್ಯಾಮಮ್ಮನದೇ. ಇದು ಸಜ್ಜೆ, ಇದು ಜೋಳ, ಇದನ್ನು ಅವಸರದಲ್ಲಿ ಸುಟ್ಟಿದ್ದಾರೆ, ಇದಕ್ಕೆ ಬೆಣ್ಣೆ ಸವರಿದ್ದಾರೆ ಎಂದು ಒಂದೊಂದನ್ನೂ ತಿರುವಿ ನೋಡಿ ಮಂಗಗಳಿಗೆ ಹಾಕುತ್ತಿದ್ದಳು. ಊರೂರಿನ ತಾಯಂದಿರು ತನ್ನ ಮಗಳಿಗೆ ಉಣ್ಣಲಿಡುತ್ತಿದ್ದಾರೆಂದು ಎದೆ ತುಂಬುತ್ತಿತ್ತು. ಅದರ ಬೆನ್ನಿಗೇ ಸಿಟ್ಟೂ ಬರುತ್ತಿತ್ತು. ಏಕೆಂದರೆ ಯಾರೂ ಮೋನಿಕಾ ಎನ್ನುತ್ತಿರಲಿಲ್ಲ. ಹೊರಗಿನವರು ಬಿಡಿ, ಮನೆಯವರೇ ಅನ್ನುತ್ತಿರಲಿಲ್ಲ.

ಅದಕ್ಕೆ ಕಾರಣ ಮಾಡದಕೆರೆಯ ಕಾಟಲಿಂಗಪ್ಪ, ದ್ಯಾಮಮ್ಮನ ಗಂಡ ರಾಮಾಂಜನೇಯನ ಅಣ್ಣ. ಕುರಿ ಕಾಯ್ದು ಹೊಲ ಮಾಡಿಕೊಂಡಿದ್ದ ಆ ಮನೆಗೆ ಈಗ ಅವನೇ ಹಿರಿಯ. ಮಹಾಲಯ ಅಮಾವಾಸ್ಯೆಯಲ್ಲಿ ಹಿರಿಯರ ಹಬ್ಬ ಮಾಡುವಾಗ ಗೋಡೆಗೆ ಹೊಸ ಬಟ್ಟೆ ಇಟ್ಟು, ಎಡೆ ಬಡಿಸಿ, ಸತ್ತವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಊಟಕ್ಕೆ ಕರೆಯುವ ಹಕ್ಕು ಅವನದು. ಆಮೇಲೆ ಆ ಎಡೆಯನ್ನು ಮನೆಮಂದಿಯೆಲ್ಲ ಉಣ್ಣುತ್ತಾರೆ. ಮೋನಿಕಾ ಹೋದ ವರ್ಷ ಅವನು ಹೇಳಿದ್ದ: “ಮದುವೆ ಆಗದ ಹುಡುಗಿ, ನೀರಾಗೆ ಹೋದೋಳು. ಹಿರೇರ ಸಾಲಿಗೆ ಬರಲ್ಲ. ಹೆಸರು ಹಿಡಿದು ಕರೆದ್ರೆ ಗಾಳಿ ಬಂದು ಬಾಗಿಲಾಗೆ ನಿಲ್ತೈತೆ. ಈ ಮನ್ಯಾಗೆ ಆ ಹೆಸರು ಎತ್ತಬ್ಯಾಡ್ರಿ.”

ಅವನು ಕೆಟ್ಟ ಮನುಷ್ಯನಲ್ಲ. ಹುಡುಗಿಯ ಹೆಣವನ್ನು ಹೊತ್ತವನು ಅವನೇ, ಮಣ್ಣು ಮಾಡುವಾಗ ಮಗುವಿನಂತೆ ಅತ್ತವನೂ ಅವನೇ. ಆದರೆ ಮನೆಯಲ್ಲಿ ತೊಟ್ಟಿಲಲ್ಲಿ ಮಲಗುವ ಕೂಸುಗಳಿದ್ದವು, ಅವನಿಗೆ ಹೆದರಿಕೆಯಿತ್ತು. ಹೆದರಿದವರು ಹಾಕುವ ಕಟ್ಟಳೆಯಷ್ಟು ಬಿಗಿಯಾದದ್ದು ಇನ್ನೊಂದಿಲ್ಲ. ರಾಮಾಂಜನೇಯ ಅಣ್ಣನ ಮಾತು ಮೀರಲಿಲ್ಲ. ಮಗಳ ಮಾತು ಬಂದಾಗ “ಆಕಿ” ಎನ್ನುವುದನ್ನು ರೂಢಿ ಮಾಡಿಕೊಂಡ. ವರ್ಷ ವರ್ಷ ಹಬ್ಬಕ್ಕೆ ಹೋಗಿ, ಬಾಗಿಲ ಪಕ್ಕ ನಿಂತು, ಭಾವ ಹೆಸರು ಕರೆಯುವುದನ್ನು ಕೊನೆಯವರೆಗೂ ಕೇಳಿ, ಒಂದು ಹೆಸರು ಬರದೆ ಉಳಿದದ್ದನ್ನು ನುಂಗಿಕೊಂಡು ದ್ಯಾಮಮ್ಮ ದುರ್ಗಕ್ಕೆ ವಾಪಸಾಗುತ್ತಿದ್ದಳು. ಮಗಳು ಸತ್ತದ್ದಕ್ಕಿಂತ ಮಗಳು ಹುಟ್ಟಿಯೇ ಇರಲಿಲ್ಲವೆಂಬಂತಾದದ್ದು ಅವಳಿಗೆ ದೊಡ್ಡ ಸಂಕಟವಾಗಿತ್ತು.

ಈ ವರ್ಷ ಗಣಪತಿ ಹಬ್ಬ ಮುಗಿದ ವಾರ, ರಾಮಾಂಜನೇಯ ಮಂಡಿಯಲ್ಲಿ ಮೂಟೆ ಹೊತ್ತು ಮನೆಗೆ ಬಂದವನು ಕೈಕಾಲು ತೊಳೆಯದೆ ಕೂತ.

“ಅಣ್ಣ ಫೋನ್ ಮಾಡಿದ್ದ. ನಾಳೆ ಬರ್ತಾನಂತೆ” ಎಂದ. “ಮೊಮ್ಮಗಳು ರೋಜಾ ಊಟ ಬಿಟ್ಟೈತಂತೆ. ಯಾರೋ ಬುತ್ತೆವ್ವಗೆ ಇಟ್ಟು ಬಾ ಅಂದವ್ರೆ. ನೀನೇ ಕರ್ಕಂಡು ಹೋಗಿ ತೋರಿಸ್ಬೇಕಂತೆ.”

ದ್ಯಾಮಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. “ಬುತ್ತೆವ್ವ ಯಾರಂತ ನೀನು ಹೇಳ್ಲಿಲ್ಲಾ?”

“ಏನಂತ ಹೇಳ್ಲಿ? ಅದು ನಾಯಕರ ಕಾಲದ್ದು ಅಂತ ನಂಬ್ಯಾನೆ. ಕೋಟ್ಯಾಗೆ ಹೊಂಡ ಎಷ್ಟವೆ, ಆಕಿ ಯಾವುದ್ರಾಗೆ ಹೋದ್ಳು ಅಂತ ಅವತ್ತೂ ಕೇಳ್ಲಿಲ್ಲ, ಇವತ್ತೂ ಕೇಳ್ಲಿಲ್ಲ.” ಅವನು ಮೆಲ್ಲಗೆ ಹೇಳಿದ: “ಇಡ್ಲಿ ಬಿಡು. ಯಾವ ಹೆಸರಿನಾಗಾದ್ರೂ ಅಣ್ಣ ಇಟ್ಟಂಗಾತು. ನೀನು ಬಾಯಿ ಬಿಟ್ರೆ ಅವನು ರೊಟ್ಟಿ ವಾಪಸ್ ಕಟ್ಕಂಡು ಹೋಗ್ತಾನೆ. ಮೊನ್ನೆ ಮೊನ್ನೆ ಸತ್ತ ಹುಡುಗಿ ಅಂತ ಗೊತ್ತಾದ್ರೆ ಉಳಿದ ಜನಾನೂ ಬರೋದು ಬಿಡ್ತಾರೆ. ಆಕಿ ಎರಡೂ ಕಡೆ ಉಪಾಸ ಬೀಳ್ತಾಳೆ.”

ದ್ಯಾಮಮ್ಮ ಒಲೆಯ ಕಡೆಗೆ ತಿರುಗಿದಳು. ಗಂಡ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ, ಅದೇ ಅವಳಿಗೆ ಸಿಟ್ಟು ತಂದದ್ದು.

ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಕಾಟಲಿಂಗಪ್ಪ ಕೋಟೆಯ ಮೊದಲ ಬಾಗಿಲ ಮುಂದೆ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ಕಳೆದ ಹಬ್ಬದಲ್ಲಿ ಕಂಡಾಗ ಇದ್ದ ಗತ್ತು ಈಗ ಇರಲಿಲ್ಲ. ದ್ಯಾಮಮ್ಮ ಸೆರಗು ತಲೆಗೆಳೆದುಕೊಂಡು ಪಕ್ಕಕ್ಕೆ ನಿಂತಳು.

“ಚೆನ್ನಾಗಿದ್ದೀಯೇನಮ್ಮ?”

“ಇದೀನಿ ಭಾವ. ಬರ್ರಿ, ಹೋಗಾಣ. ಮೆಟ್ಲು ನೋಡ್ಕಂಡು ಹತ್ರಿ.”

ಅವಳು ಎರಡು ಹೆಜ್ಜೆ ಹಿಂದೆ ನಡೆದಳು. ಜೋಗಿಮಟ್ಟಿಯ ಕಡೆಯಿಂದ ಗಾಳಿ ಬೀಸುತ್ತಿತ್ತು, ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಸೋಮಾರಿಗಳಂತೆ ತಿರುಗುತ್ತಿದ್ದವು. ಮೂರನೆಯ ಬಾಗಿಲು ದಾಟುವಷ್ಟರಲ್ಲಿ ಮುದುಕನಿಗೆ ಏದುಸಿರು ಬಂತು.

“ಕುಂತ್ಕಳ್ರಿ ಭಾವ, ಅವಸರ ಇಲ್ಲ” ಎಂದಳು ದ್ಯಾಮಮ್ಮ.

ಅವನು ಜಗಲಿಯ ಮೇಲೆ ಕೂತ, ಗಂಟನ್ನು ಮಾತ್ರ ನೆಲಕ್ಕಿಡಲಿಲ್ಲ. “ಒಂದು ಅಗುಳು ಇಳಿಯಲ್ಲ ಕಣಮ್ಮ” ಎಂದ. “ಬಾಯಾಗಿಟ್ರೆ ಉಗುಳ್ತೈತೆ. ದಾವಣಗೆರೆಗೆ ಹೋದ್ವಿ, ಎಲ್ಲಾ ಸರಿ ಐತೆ ಅಂತ ಟಾನಿಕ್ ಬರೆದು ಕೊಟ್ರು. ಎತ್ಕಂಡ್ರೆ ಕೈಗೆ ಎಲುಬು ಸಿಗ್ತಾವೆ. ಮೊದ್ಲು ಅಂಗಳದ ತುಂಬ ಕುರಿಮರಿ ಹಂಗೆ ಓಡಾಡೋದು. ಈಗ ಕರೆದ್ರೂ ತಿರುಗಿ ನೋಡಲ್ಲ. ಅದನ್ನ ನೋಡ್ಕಂಡು ನಂಗೆ ಊಟ ಸೇರಲ್ಲ.”

ದ್ಯಾಮಮ್ಮನಿಗೆ ಅಯ್ಯೋ ಅನ್ನಿಸಿತು. ಈ ಮನುಷ್ಯನ ಮೇಲೆ ಇಷ್ಟು ವರ್ಷ ಹಲ್ಲು ಕಡಿದದ್ದೆಲ್ಲ ಆ ಹೊತ್ತಿಗೆ ಎಲ್ಲಿಗೋ ಸರಿದುಹೋಯಿತು. ಸುಮ್ಮನೆ ಕರೆದುಕೊಂಡು ಹೋಗುತ್ತೇನೆ, ಇಟ್ಟು ಹೋಗಲಿ, ಮಗು ಉಣ್ಣಲಿ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದಳು.

ಹೊಂಡದ ಹತ್ತಿರ ಹನುಮೇಶ್ ಒಂದು ಗುಂಪಿಗೆ ಕತೆ ಹೇಳಿ ಮುಗಿಸುತ್ತಿದ್ದ. ಹಿರಿಯೂರಿನಿಂದ ಬಂದಿದ್ದ ಒಬ್ಬ ಹೆಣ್ಣುಮಗಳು ಆಗಷ್ಟೇ ತನ್ನ ರೊಟ್ಟಿ ಇಟ್ಟು ಕಣ್ಣು ಮುಚ್ಚಿ ನಿಂತಿದ್ದಳು. ಕಾಟಲಿಂಗಪ್ಪ ಚಪ್ಪಲಿ ಬಿಟ್ಟು ದಂಡೆಗೆ ಬಂದ, ಕಂಬಳಿ ಹಾಸಿದ, ಗಂಟು ಬಿಚ್ಚಿದ. ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಅಚ್ಚು ಬೆಲ್ಲ. ಮಿಕ್ಕವರಂತೆ ಸುಮ್ಮನೆ ಇಟ್ಟು ಕೈ ಮುಗಿಯುವುದು ಅವನಿಗೆ ತಿಳಿಯದು. ಹೊಂಡದಿಂದ ಬೊಗಸೆ ನೀರು ತಂದು ಎಡೆಯ ಸುತ್ತ ಬಿಟ್ಟ, ಊದಿನಕಡ್ಡಿ ಹಚ್ಚಿದ, ಕೈ ಜೋಡಿಸಿ ಬಾಯಿ ತೆರೆದ. ಅಲ್ಲಿಗೆ ನಿಂತುಬಿಟ್ಟ.

“ಏನಂತ ಕರೀಬೇಕಪ್ಪ?” ಎಂದು ಹನುಮೇಶನನ್ನು ಕೇಳಿದ.

“ಬುತ್ತೆವ್ವ ಅಂದ್ರೆ ಸಾಕು ಯಜಮಾನ್ರೆ.”

“ಅದು ಜನ ಇಟ್ಟಿದ್ದು. ಹೆತ್ತೋರು ಇಟ್ಟ ಹೆಸರೊಂದು ಇರ್ತೈತಲ್ಲ. ಹೆಸರು ಹಿಡಿದು ಕರೀದೆ ಇದ್ರೆ ದಾರ್ಯಾಗೆ ಹೋಗೋರು ಯಾರೋ ಬಂದು ಉಂಡು ಹೋಗ್ತಾರೆ, ಉಣ್ಬೇಕಾದೋಳು ಹಸ್ಕಂಡೇ ಇರ್ತಾಳೆ. ನಮ್ಮ ಕಡೆ ಹಂಗೆ ಇಡಲ್ಲ.”

ಹನುಮೇಶ್ ತಲೆ ಕೆರೆದುಕೊಂಡ. “ಅಷ್ಟು ಹಿಂದಿನ ಹೆಸರು ಯಾರಿಗೆ ಗೊತ್ತಿರ್ತೈತೆ ಹೇಳ್ರಿ.”

ಮುದುಕ ದ್ಯಾಮಮ್ಮನ ಕಡೆ ತಿರುಗಿದ. ಮೊಮ್ಮಗಳಿಗಾಗಿ ಇಷ್ಟು ದೂರ ಬಂದು ಒಂದು ಹೆಸರಿಗಾಗಿ ಕೆಲಸ ಕೆಡುತ್ತದೆಂಬ ಗಾಬರಿ ಅವನ ಮುಖದಲ್ಲಿತ್ತು. “ದಿನಾ ಇಲ್ಲೇ ಇರೋಳು ನೀನು. ಹಳಬರು ಯಾರಾದ್ರೂ ಹೇಳಿದ್ದು ನಿನ್ನ ಕಿವಿಗೆ ಬಿದ್ದಿಲ್ವಾ ದ್ಯಾಮಮ್ಮ?”

ಇಲ್ಲ ಎಂದಿದ್ದರೆ ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ಬುತ್ತೆವ್ವ ಬುತ್ತೆವ್ವನಾಗಿ ಉಳಿಯುತ್ತಿದ್ದಳು, ನಾಳೆಯೂ ನಾಡಿದ್ದೂ ಅವಳಿಗೆ ರೊಟ್ಟಿ ಬರುತ್ತಿತ್ತು. ದ್ಯಾಮಮ್ಮ ಹಾಗೆ ಹೇಳಬೇಕೆಂದೇ ಇದ್ದಳು. ಆದರೆ ತನ್ನ ಮಗಳ ಮುಂದೆ ಕೈ ಜೋಡಿಸಿ ನಿಂತು, ಅವಳ ಹೆಸರೇನೆಂದು ಅವಳ ದೊಡ್ಡಪ್ಪನೇ ಕೇಳುತ್ತಿದ್ದಾನೆ. ಇದನ್ನು ಕೇಳಿಸಿಕೊಂಡೂ ಸುಮ್ಮನಿರಲು ಅವಳಿಗೆ ಆಗಲಿಲ್ಲ.

“ಗೊತ್ತೈತೆ ಭಾವ” ಎಂದಳು. “ಮೋನಿಕಾ.”

ಹನುಮೇಶ್ ನಕ್ಕುಬಿಟ್ಟ. “ಏನಮ್ಮ ನೀನು, ನಾಯಕರ ಕಾಲದಾಗೆ ಮೋನಿಕಾ ಅಂತ ಯಾರಾದ್ರೂ” ಎಂದವನು ಅವಳ ಮುಖ ನೋಡಿ ಮಾತು ಅಲ್ಲಿಗೇ ಬಿಟ್ಟ.

“ಕಾವಲುಗಾರನ ಮಗಳಲ್ಲಪ್ಪ, ನನ್ನ ಮಗಳು” ಎಂದಳು ದ್ಯಾಮಮ್ಮ. “ನಂಗೇ ಬುತ್ತಿ ತರ್ತಿದ್ಳು. ಇದೇ ಮೆಟ್ಲಾಗೆ ಜಾರಿದ್ಳು. ದುರುಗಣ್ಣ ಎತ್ತಿ ಇಲ್ಲೇ ಮಲಗಿಸಿದ್ದ. ಹಳೇ ಕಾಲದ್ದು ಅಂತ ಹೇಳಿದ್ದೂ ಅವನೇ, ಪಾಪ, ನನ್ನ ಮುಖ ನೋಡಲಾರದೆ. ನಾನೂ ಕೇಳ್ಕಂಡು ಸುಮ್ಮನಿದ್ದೆ.”

ಹಿರಿಯೂರಿನ ಹೆಣ್ಣುಮಗಳು ಒಮ್ಮೆ ನೀರನ್ನು, ಒಮ್ಮೆ ದ್ಯಾಮಮ್ಮನನ್ನು ನೋಡಿದಳು. ಆಮೇಲೆ ಬಗ್ಗಿ, ತಾನಿಟ್ಟಿದ್ದ ಎರಡೂ ರೊಟ್ಟಿಗಳನ್ನು ಎತ್ತಿಕೊಂಡು ಚೀಲಕ್ಕೆ ಹಾಕಿ, ಗಂಡನ ತೋಳು ಹಿಡಿದು ಬೇಗಬೇಗ ಮೇಲೆ ಹತ್ತಿ ಹೋದಳು. ಉಳಿದವರೂ ಅವಳ ಹಿಂದೆ ಸರಿದರು. ಹನುಮೇಶ್ ತಲೆ ತಗ್ಗಿಸಿ ಗುಂಪನ್ನು ಹಿಂಬಾಲಿಸಿದ. ಇಷ್ಟು ವರ್ಷ ಬಂದ ರೊಟ್ಟಿಗಳಿಗೆ ಇವತ್ತು ಕೊನೆಯೆಂದು ದ್ಯಾಮಮ್ಮನಿಗೆ ತಿಳಿಯಿತು. ಗಂಡ ಹೇಳಿದ್ದರಲ್ಲಿ ಅರ್ಧ ಆಗಲೇ ನಿಜವಾಗಿತ್ತು.

ಉಳಿದ ಅರ್ಧ ಕಂಬಳಿಯ ಮೇಲೆ ಕುಸಿದು ಕೂತಿತ್ತು. ಕಾಟಲಿಂಗಪ್ಪನ ಕೈಗಳು ಇನ್ನೂ ಜೋಡಿಸಿದಂತೆಯೇ ಇದ್ದವು.

“ಇದೇ ಹೊಂಡಾನಾ?” ಎಂದು ಕೇಳಿದ.

“ಇದೇ ಭಾವ.”

“ನಾನು ಕೇಳಲೇ ಇಲ್ಲ.”

ಅವನು ಈಗ ರೊಟ್ಟಿಯನ್ನು ಗಂಟು ಕಟ್ಟುತ್ತಾನೆ, ಕಂಬಳಿ ಕೊಡವುತ್ತಾನೆ, ತಿರುಗಿ ನೋಡದೆ ಹೋಗುತ್ತಾನೆ ಎಂದು ದ್ಯಾಮಮ್ಮ ಕಾಯುತ್ತಾ ನಿಂತಳು. ಕೂಸಿರುವ ಮನೆಯವನು, ಗಾಳಿಗೆ ಹೆದರುವವನು, ಇನ್ನೇನು ತಾನೇ ಮಾಡಿಯಾನು.

ಕಾಟಲಿಂಗಪ್ಪ ನೀರನ್ನೇ ನೋಡುತ್ತಾ ಕೇಳಿದ: “ಅಷ್ಟು ವರ್ಷ ಕರೀದೆ ಕೂತೋನು ನಾನು. ಈಗ ನನ್ನ ಮೊಮ್ಮಗಳಿಗೆ ಅಂತ ಬಂದೀನಿ. ನಾನು ಇಟ್ರೆ ಮುಟ್ತಾಳಾ?”

“ಗೊತ್ತಿಲ್ಲ ಭಾವ” ಎಂದಳು ದ್ಯಾಮಮ್ಮ. “ಕರೆದು ನೋಡ್ರಿ.”

ಅವನು ಎದ್ದು ನಿಂತ. ರುಮಾಲು ಸರಿಮಾಡಿಕೊಂಡ. ಹಬ್ಬದ ದಿನ ಗೋಡೆಯ ಮುಂದೆ ನಿಲ್ಲುವ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು, ಅದೇ ಗಟ್ಟಿ ದನಿಯಲ್ಲಿ, ಅದೇ ಸಾಲಿನಲ್ಲಿ ಶುರು ಮಾಡಿದ. “ಅಪ್ಪ ತಿಮ್ಮರಾಯಪ್ಪ, ಬಾರಪ್ಪ, ಉಣ್ಣು ಬಾ. ಅವ್ವ ಹನುಮಮ್ಮ, ಬಾರವ್ವ, ಉಣ್ಣು ಬಾ. ಚಿಕ್ಕಪ್ಪ ಹಾಲಸ್ವಾಮಿ, ಬಾರಪ್ಪ. ಅತ್ತೆ ಗಂಗಕ್ಕ, ಬಾರವ್ವ.” ಇಲ್ಲಿಗೆ ವರ್ಷ ವರ್ಷ ಸಾಲು ಮುಗಿಯುತ್ತಿತ್ತು. ಅವನು ಉಸಿರು ಎಳೆದುಕೊಂಡ. ಆ ಹೆಸರನ್ನು ಆಡಿ ಎಷ್ಟು ಕಾಲವಾಗಿತ್ತೋ, ನಾಲಿಗೆ ಹೊರಳಲಿಲ್ಲ, ಮೊದಲ ಸಲ ಬರೀ ಗಾಳಿ ಬಂತು. ಮತ್ತೆ ಕರೆದ.

“ಮೋನಿಕಾ. ಬಾರವ್ವ ಮಗಳೇ. ನಿನ್ನ ದೊಡ್ಡಪ್ಪ ಬಂದೀನಿ. ಉಣ್ಣು ಬಾ.”

ದ್ಯಾಮಮ್ಮ ಕಲ್ಲಿಗೆ ಆತುಕೊಂಡಳು. ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಅವಳು ಕೇಳಿ ವರ್ಷಗಳೇ ಆಗಿದ್ದವು. ಮುದುಕ ಇನ್ನೊಮ್ಮೆ ಕರೆದ, ಮತ್ತೊಮ್ಮೆ ಕರೆದ, ನೀರಿಗೆ ಅಡ್ಡಬಿದ್ದ. ಆಮೇಲೆ ಒಂದು ರೊಟ್ಟಿಯನ್ನು ದಂಡೆಯ ಮೇಲೆಯೇ ಬಿಟ್ಟು ಇನ್ನೊಂದನ್ನು ಬಟ್ಟೆಯಲ್ಲಿ ಕಟ್ಟತೊಡಗಿದ.

“ಒಯ್ಯಲೇಬೇಕು ಅಂತೇನಿಲ್ಲ ಭಾವ” ಎಂದಳು ದ್ಯಾಮಮ್ಮ. “ಹೆದರಿಕೆ ಇದ್ರೆ ಇಲ್ಲೇ ಬಿಟ್ಟು ಹೋಗ್ರಿ. ನಾನೇನೂ ಅಂದ್ಕಳಲ್ಲ.”

“ಕರೆದು ಇಟ್ಟ ಎಡೆನ ಮನೆಮಂದಿ ಉಣ್ಣದೆ ಬಿಡ್ತಾರೇನಮ್ಮ” ಎಂದ ಕಾಟಲಿಂಗಪ್ಪ. ಗಂಟನ್ನು ಬಿಗಿದು ಎದೆಗೆ ಒತ್ತಿಕೊಂಡ. ಕಣ್ಣಿನ ನೀರು ಗಡ್ಡಕ್ಕಿಳಿಯುತ್ತಿತ್ತು, ಒರೆಸಿಕೊಳ್ಳಲು ಹೋಗಲಿಲ್ಲ. “ರೋಜಾ ಉಣ್ತೈತೋ ಇಲ್ವೋ, ದೇವರಿಗೆ ಬಿಟ್ಟಿದ್ದು. ನಾನಂತೂ ಹೇಳ್ತೀನಿ. ನಿಮ್ಮತ್ತೆ ಮೋನಿಕಾ ಕೊಟ್ಟು ಕಳಿಸ್ಯಾಳೆ, ತಿನ್ನು ಅಂತೀನಿ.”

ಬುತ್ತಿ ಹಿಡಿದು ಮೆಟ್ಟಿಲಿಳಿದ ಹುಡುಗಿಯನ್ನೇ ದ್ಯಾಮಮ್ಮ ಇಷ್ಟು ದಿನ ಎದೆಯಲ್ಲಿಟ್ಟುಕೊಂಡಿದ್ದಳು. ಅವಳು ಬದುಕಿದ್ದರೆ ಒಂದು ಮಗುವಿಗೆ ಅತ್ತೆಯಾಗಿರುತ್ತಿದ್ದಳು ಎಂಬುದು ತಾಯಿಗೆ ಒಂದು ದಿನವೂ ಹೊಳೆದಿರಲಿಲ್ಲ. ಭಾವನೆದುರು ಕೂರಬಾರದೆಂಬುದನ್ನೂ ಮರೆತು ಅವಳು ದಂಡೆಯ ಮೇಲೆ ಕೂತು, ಮಗಳ ಹೆಸರು ಹಿಡಿದು ಜೋರಾಗಿ ಅಳತೊಡಗಿದಳು. ಕಾಟಲಿಂಗಪ್ಪ ಅವಳ ಪಕ್ಕ ನಿಂತುಕೊಂಡೇ ಇದ್ದ, ಸುಮ್ಮನಿರು ಎನ್ನಲಿಲ್ಲ.